ಬಾಣಂತನಕ್ಕೆ ಅಮೆರಿಕ: ವೀಸಾ ತಾರೀಕಲ್ಲ, ಐ-94 ತಾರೀಕು ನೋಡಿ

ಪಾಸ್‌ಪೋರ್ಟಿನಲ್ಲಿ ಹತ್ತು ವರ್ಷದ ಬಿ-1/ಬಿ-2 (ಭೇಟಿಯ) ವೀಸಾ ಕಂಡ ಕೂಡಲೇ ಎಷ್ಟೋ ಮನೆಗಳಲ್ಲಿ 'ಇನ್ನೇನು, ಬೇಕಾದಷ್ಟು ದಿನ ಇರಬಹುದು' ಅಂದುಕೊಳ್ಳುತ್ತಾರೆ. ಆ ಹತ್ತು ವರ್ಷ ಬಾಗಿಲವರೆಗೆ ಹೋಗಲು ಮಾತ್ರ. ಒಳಗೆ ಎಷ್ಟು ದಿನ ಇರಬಹುದು ಅನ್ನುವುದನ್ನು ಇಮಿಗ್ರೇಷನ್ ಕೌಂಟರಿನ ಅಧಿಕಾರಿ ತೀರ್ಮಾನಿಸಿ ಐ-94 ದಾಖಲೆಯಲ್ಲಿ ಹಾಕುತ್ತಾರೆ. ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ: ಮಾರ್ಚ್ 14ಕ್ಕೆ ಇಳಿದರೆ ಸೆಪ್ಟೆಂಬರ್ 13. ಅಪ್ಪ-ಅಮ್ಮ, ಅತ್ತೆ-ಮಾವ ಎಲ್ಲರ ಪ್ರಯಾಣವನ್ನೂ ನಾನು ಈ ತಾರೀಕು ಹಿಡಿದೇ ಹೊಂದಿಸಿದೆ.

ಡ್ಯೂ ಡೇಟಿಗೆ ಎರಡು ತಿಂಗಳು ಮೊದಲೇ ಕರೆಸಿಕೊಂಡರೆ ಹೆರಿಗೆಯಾದ ಮೇಲೆ ಉಳಿಯುವುದು ನಾಲ್ಕೇ ತಿಂಗಳು. ಮೂರು ವಾರ ಮುಂಚೆ ಬಂದರೆ ಸಾಕು. ಮೊದಲು ಹೆಣ್ಣಿನ ಕಡೆಯವರು, ಅವರು ಹೊರಡುವ ವಾರಕ್ಕೆ ಗಂಡಿನ ಕಡೆಯವರು ಅಂತ ಮಾಡಿಕೊಂಡರೆ ಯಾರೂ ಅವಧಿ ವಿಸ್ತರಣೆಗೆ ಅರ್ಜಿ ಹಾಕದೆ ಮಗುವಿಗೆ ಹನ್ನೊಂದು ತಿಂಗಳು ತುಂಬುತ್ತದೆ. ಬೀಗರ ನಡುವೆ ಇದನ್ನು ಮೊದಲೇ ಮಾತಾಡಿಕೊಳ್ಳಬೇಕು. ಅರ್ಜಿ ತುಂಬುವುದಕ್ಕಿಂತ ಕಷ್ಟದ ಕೆಲಸ ಅದೇ.

ಪಾಸ್‌ಪೋರ್ಟ್ ಅವಧಿಯನ್ನು ಇಲ್ಲೇ ನೋಡಿಬಿಡಿ. ಅದು ನಾಲ್ಕು ತಿಂಗಳಲ್ಲಿ ಮುಗಿಯುವುದಾದರೆ ಐ-94 ಕೂಡ ಅಷ್ಟಕ್ಕೇ ಮೊಟಕಾಗಬಹುದು. ಕನಿಷ್ಠ ಒಂದು ವರ್ಷ ಬಾಕಿ ಇಲ್ಲದಿದ್ದರೆ ನವೀಕರಿಸಿಕೊಂಡೇ ಹೊರಡಿ. ಹಳೆಯದರಲ್ಲಿ ವೀಸಾ ಇದ್ದರೆ ಎರಡೂ ಪಾಸ್‌ಪೋರ್ಟ್ ಜೊತೆಗಿರಲಿ, ವೀಸಾ ಹಾಳೆಯನ್ನು ಕೀಳಬೇಡಿ.

ವೀಸಾ ಅರ್ಜಿಯ ಡಿಎಸ್-160 ಫಾರಂ ಗಂಡ-ಹೆಂಡತಿಗೆ ಬೇರೆ ಬೇರೆ. ಶುಲ್ಕ ತಲೆಗೆ 185 ಡಾಲರ್. ಕಟ್ಟಿದ ರಸೀದಿ 365 ದಿನ ನಡೆಯುತ್ತದೆ. ಫೋಟೊ ಎರಡಿಂಚು ಚೌಕ, ಕನ್ನಡಕ ಇಲ್ಲದೆ. ತಪ್ಪು ಕಂಡು ಫಾರಂ ಹೊಸದಾಗಿ ತುಂಬಿದರೆ ಅದರ ಹೊಸ ನಂಬರನ್ನು ಅಪಾಯಿಂಟ್‌ಮೆಂಟಿನಲ್ಲೂ ಬದಲಾಯಿಸಲೇಬೇಕು. ಎರಡೂ ತಾಳೆಯಾಗದಿದ್ದರೆ ಸಂದರ್ಶನವೇ ನಡೆಯುವುದಿಲ್ಲ.

ನಮ್ಮವರು ಮುಗ್ಗರಿಸುವುದು ಹೆಸರಿನಲ್ಲಿ. ನಮ್ಮ ಕಡೆಯ ಹಿರಿಯರ ಎಷ್ಟೋ ಪಾಸ್‌ಪೋರ್ಟುಗಳಲ್ಲಿ ಸರ್‌ನೇಮ್ ಜಾಗ ಖಾಲಿ. ಊರು, ತಂದೆಯ ಹೆಸರು, ತಮ್ಮ ಹೆಸರು ಎಲ್ಲ ಸೇರಿ ಗಿವನ್ ನೇಮಿನಲ್ಲಿ. ಅಮೆರಿಕದ ಫಾರಂ ಸರ್‌ನೇಮ್ ಖಾಲಿ ಬಿಡಲು ಒಪ್ಪುವುದಿಲ್ಲ. ಹಾಗಾಗಿ ಇಡೀ ಹೆಸರನ್ನು ಸರ್‌ನೇಮಿನಲ್ಲಿ ಬರೆದು, ಗಿವನ್ ನೇಮಿನಲ್ಲಿ 'ಎಫ್‌ಎನ್‌ಯು' ಅಂತ ಹಾಕಬೇಕು, ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂದು. ವೀಸಾದ ಮೇಲೂ ಹಾಗೇ ಬರುತ್ತದೆ, ಗಾಬರಿ ಬೇಡ. ಇದನ್ನು ತಪ್ಪಿಸಲೆಂದು ಅಂದಾಜಿನಲ್ಲಿ ಹೆಸರು ಒಡೆದರೆ ಪಾಸ್‌ಪೋರ್ಟಿಗೂ ವೀಸಾಕ್ಕೂ ಹೊಂದದೆ ಹೋಗುತ್ತದೆ.

ಸಂದರ್ಶನಕ್ಕೆ ಚೆನ್ನೈಯನ್ನೇ ಆರಿಸಿದೆ. ಬೆರಳಚ್ಚಿಗೆ ಒಂದು ದಿನ, ಸಂದರ್ಶನಕ್ಕೆ ಇನ್ನೊಂದು ದಿನ ಎಂದು ಎರಡು ರಾತ್ರಿಯ ವಾಸ ಲೆಕ್ಕದಲ್ಲಿರಲಿ. ಕೇಳುವುದು ಮೂರ್ನಾಲ್ಕು ಪ್ರಶ್ನೆ: ಯಾಕೆ, ಎಷ್ಟು ದಿನ, ಖರ್ಚು ಯಾರದು, ಇಲ್ಲಿ ಏನಿದೆ. ಪಹಣಿಯಿಂದ ಪೆನ್ಷನ್ ಪುಸ್ತಕದವರೆಗೆ ಕಂತೆ ಕಟ್ಟಿಕೊಂಡು ಹೋದರೂ ಬಹಳ ಸಲ ಒಂದು ಹಾಳೆಯನ್ನೂ ಮುಟ್ಟುವುದಿಲ್ಲ. ಉತ್ತರ ಡಿಎಸ್-160ರಲ್ಲಿ ಬರೆದದ್ದಕ್ಕೆ ಸರಿಹೊಂದಬೇಕು, ಅಷ್ಟೇ.

ಮೊಮ್ಮಗುವನ್ನು 'ನೋಡೋಕೆ' ಹೋಗುವುದಕ್ಕೂ 'ನೋಡಿಕೊಳ್ಳೋಕೆ' ಹೋಗುವುದಕ್ಕೂ ನಮಗೆ ವ್ಯತ್ಯಾಸವಿಲ್ಲ. ಅಧಿಕಾರಿಯ ಕಿವಿಗೆ ಎರಡನೆಯದು ಆಯಾ ಕೆಲಸದಂತೆ ಕೇಳಬಹುದು, ಭೇಟಿಯ ವೀಸಾದಲ್ಲಿ ಕೆಲಸಕ್ಕೆ ಅವಕಾಶವಿಲ್ಲ. ಸುಳ್ಳು ಹೇಳುವುದು ಬೇಡವೇ ಬೇಡ: ಮಗಳಿಗೆ ಹೆರಿಗೆ, ಜೊತೆಗಿರಲು ಹೋಗುತ್ತಿದ್ದೇವೆ, ಆರು ತಿಂಗಳೊಳಗೆ ವಾಪಸ್, ಟಿಕೆಟ್ ಇದೆ. ಅಬುಧಾಬಿ ಮೂಲಕ ಹೋದರೆ ಅಮೆರಿಕದ ಇಮಿಗ್ರೇಷನ್ ಅಲ್ಲೇ ಮುಗಿಯುತ್ತದೆ, ಈ ಪ್ರಶ್ನೆಗಳಿಗೆ ಸಿದ್ಧರಾಗಿರಬೇಕಾದದ್ದು ಅಲ್ಲಿ.

ಔಷಧಿ ಮೂರು ತಿಂಗಳಿಗಾಗುವಷ್ಟು, ಮೂಲ ಪ್ಯಾಕೆಟಿನಲ್ಲಿ, ಇಂಗ್ಲಿಷ್ ಚೀಟಿಯೊಂದಿಗೆ. ಆರು ತಿಂಗಳ ಬಿಪಿ ಮಾತ್ರೆ ಒಟ್ಟಿಗೆ ತುಂಬಬೇಡಿ. ಉಳಿದದ್ದನ್ನು ವೈದ್ಯರ ಪತ್ರ ಮತ್ತು ವೀಸಾ ಪ್ರತಿಯೊಂದಿಗೆ ಆಮೇಲೆ ಕಳಿಸಬಹುದು. ಕರಿಬೇವಿಗೆ ಪ್ರವೇಶವಿಲ್ಲ. ತಿಂಡಿ ಏನಿದ್ದರೂ ಬಾಯಿಬಿಟ್ಟು ಹೇಳಿ.

ಇಳಿದ ಮೂರು ದಿನದೊಳಗೆ ಸಿಬಿಪಿ (ಅಮೆರಿಕದ ಗಡಿ ಇಲಾಖೆ) ಜಾಲತಾಣದಲ್ಲಿ ಐ-94 ತೆಗೆದು 'ಅಡ್ಮಿಟ್ ಅಂಟಿಲ್' ತಾರೀಕು, ಅಂದರೆ ಇರಬಹುದಾದ ಕೊನೆಯ ದಿನ, ಓದಿ. ಹುಡುಕುವಾಗಲೂ ಮೊದಲ ಹೆಸರು ಎಫ್‌ಎನ್‌ಯು. ಇಬ್ಬರದ್ದೂ ಬೇರೆ ಬೇರೆ ನೋಡಬೇಕು. ಒಬ್ಬರ ತಾರೀಕು ತಪ್ಪಾಗಿದ್ದರೆ ಅದೇ ಇಲಾಖೆಯ ಹತ್ತಿರದ ಡಿಫರ್ಡ್ ಇನ್‌ಸ್ಪೆಕ್ಷನ್ ಕಚೇರಿಯಲ್ಲಿ ಸರಿಪಡಿಸುತ್ತಾರೆ. ಐದನೇ ತಿಂಗಳಿಗೆ ನೋಡಿದರೆ ಸಮಯ ಉಳಿದಿರುವುದಿಲ್ಲ. ಕೆನಡಾಕ್ಕೆ ಹೋಗಿಬಂದರೆ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ ಅನ್ನುವ ಮಾತನ್ನು ನಂಬಬೇಡಿ.

ವಿಸ್ತರಣೆ ಅನಿವಾರ್ಯವಾದರೆ ಐ-539 ಅರ್ಜಿ. ಆನ್‌ಲೈನಿನಲ್ಲಿ 420 ಡಾಲರ್, ಕಾಗದದಲ್ಲಿ 470 (2024ರ ಏಪ್ರಿಲಿನಿಂದ). ಐ-94 ಮುಗಿಯುವ 45 ದಿನ ಮೊದಲು ಹಾಕುವುದು ಒಳ್ಳೆಯದು, ಮುಗಿದ ಮೇಲೆ ಹಾಕಿದರೆ ಬಹುಮಟ್ಟಿಗೆ ವ್ಯರ್ಥ. ಕಾರಣದ ಪತ್ರ, ಖರ್ಚಿನ ಆಧಾರ, ವಾಪಸ್ ಟಿಕೆಟ್ ಬೇಕು. ಶಸ್ತ್ರಚಿಕಿತ್ಸೆ, ಅವಧಿಗೆ ಮುಂಚೆ ಹುಟ್ಟಿದ ಮಗು ಇಂಥದ್ದಕ್ಕೆ ವೈದ್ಯರ ಪತ್ರವಿದ್ದರೆ ಅರ್ಜಿಗೆ ತೂಕ. 'ಮಗು ಇನ್ನೂ ಚಿಕ್ಕದು' ಅನ್ನುವುದು ಸಾಲದು. ಅರ್ಜಿ ಬಾಕಿ ಇರುವವರೆಗೆ ಉಳಿಯಬಹುದು ನಿಜ. ಆದರೆ ಐ-94 ತಾರೀಕು ದಾಟಿದ ಮೇಲೆ ತಿರಸ್ಕಾರ ಬಂದರೆ ಹತ್ತು ವರ್ಷದ ವೀಸಾ ರದ್ದಾದಂತೆಯೇ. ಅರ್ಜಿಯನ್ನೇ ಹಾಕದೆ ಆ ತಾರೀಕು ದಾಟಿ 180 ದಿನಕ್ಕಿಂತ ಹೆಚ್ಚು ಉಳಿದು ಹೊರಟರೆ ಮೂರು ವರ್ಷ, ಒಂದು ವರ್ಷ ಉಳಿದರೆ ಹತ್ತು ವರ್ಷ ಪ್ರವೇಶ ನಿಷೇಧ. ನಾನು ವಿಸ್ತರಣೆಗಿಂತ ಬೀಗರ ಸರದಿಯನ್ನೇ ಆರಿಸಿಕೊಂಡದ್ದು ಇದಕ್ಕೆ.

ಹೊರಡುವಾಗ ಪಾಸ್‌ಪೋರ್ಟಿಗೆ ಮೊಹರು ಬೀಳುವುದಿಲ್ಲ. ವಿಮಾನ ಸಂಸ್ಥೆ ಕೊಡುವ ಮಾಹಿತಿಯಿಂದ ನಿರ್ಗಮನ ದಾಖಲಾಗುತ್ತದೆ. ಊರು ಸೇರಿದ ಒಂದು ವಾರಕ್ಕೆ ಅದೇ ಜಾಲತಾಣದ ಪ್ರಯಾಣ ಇತಿಹಾಸದಲ್ಲಿ ಹೊರಟ ತಾರೀಕು ಬಂದಿದೆಯೇ ನೋಡಿ. ಬರುವವರೆಗೆ ಬೋರ್ಡಿಂಗ್ ಪಾಸ್ ಎಸೆಯಬೇಡಿ.