ತುಡುವೆ ಪೆಟ್ಟಿಗೆಯ ಜಾಗ ಬದಲಿಸುವ ಬಗೆ

ನಡುಹಗಲಲ್ಲಿ ಪೆಟ್ಟಿಗೆಯನ್ನು ಹತ್ತಡಿ ಪಕ್ಕಕ್ಕಿಟ್ಟರೆ, ಮೇವಿಗೆ ಹೋದ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ಜೇನು) ನೊಣಗಳು ಹಳೆಯ ಜಾಗಕ್ಕೇ ಬಂದು ಸುತ್ತುತ್ತವೆ. ಅವುಗಳ ನೆನಪಿನಲ್ಲಿ ಕೂತಿರುವುದು ಆ ತಾಣ: ಹಿಂದಿನ ಸಿಲ್ವರ್ ಓಕ್ ಮರ, ತೋಟದ ಕೆಲಸದವರ ಲೈನ್ ಮನೆಯ ಮಾಡು, ಆಕಾಶಕ್ಕೆದುರಾಗಿ ಕಾಣುವ ಗುಡ್ಡದ ಅಂಚು. ಪ್ರಾಣಿಗಳ ನಡವಳಿಕೆಯ ವಿಜ್ಞಾನಿ ನಿಕೊ ಟಿನ್‌ಬರ್ಗೆನ್ ಕಣಜದ ಹುಳುವಿನ ಗೂಡಿನ ಸುತ್ತ ಪೈನ್ ಕಾಯಿಗಳನ್ನಿಟ್ಟು, ಅದು ಹೊರಹೋದಾಗ ಕಾಯಿಗಳನ್ನು ಪಕ್ಕಕ್ಕೆ ಸರಿಸಿದರು. ಮರಳಿದ ಕಣಜ ಕಾಯಿಗಳ ನಡುವೆಯೇ ಗೂಡು ಹುಡುಕಿತು.

ನೊಣ ಜಾಗ ಕಲಿಯುವುದನ್ನು ಬಿಸಿಲಿನ ಮಧ್ಯಾಹ್ನ ನೋಡಬಹುದು. ಎಳೆಯ ಕೆಲಸಗಾರ ನೊಣಗಳು ಬಾಗಿಲಿಗೆ ಮುಖಮಾಡಿಕೊಂಡೇ ಎಡಬಲ ತೂಗುತ್ತ ಹಿಂದಕ್ಕೆ ಹಾರುತ್ತವೆ, ಸುತ್ತು ದೊಡ್ಡದಾಗುತ್ತ ಹೋಗುತ್ತದೆ. ಹೊಸಬರು ಇದನ್ನು ದರೋಡೆ, ಅಂದರೆ ಬೇರೆ ಪೆಟ್ಟಿಗೆಯ ನೊಣಗಳು ಜೇನು ಕದಿಯಲು ಬಂದಿವೆ ಎಂದುಕೊಳ್ಳುತ್ತಾರೆ. ದರೋಡೆಯಾದರೆ ಬಾಗಿಲಲ್ಲಿ ಕಚ್ಚಾಟ ಕಾಣುತ್ತದೆ, ಕೆಳಗೆ ಸತ್ತ ನೊಣ ಬಿದ್ದಿರುತ್ತವೆ.

ಹತ್ತಿರದ ಜಾಗಕ್ಕಾದರೆ ದಿನಕ್ಕೆ ಒಂದಡಿಯಂತೆ, ಕತ್ತಲಾದ ಮೇಲೆ, ಬಾಗಿಲಿನ ದಿಕ್ಕು ಬದಲಿಸದೆ ಸರಿಸುತ್ತೇನೆ. ಮಳೆಯಿಂದ ನೊಣ ಹೊರಬಾರದ ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೂರು ಕಿಲೋಮೀಟರ್ ದಾಟಿದರೆ ಪರಿಚಿತ ಗುರುತು ಸಿಗದೆ ನೊಣ ಹೊಸದಾಗಿ ಕಲಿಯುತ್ತದೆ. ಕಷ್ಟವಿರುವುದು ನಡುವಿನ ದೂರದಲ್ಲಿ. ಗದ್ದೆಯಂಚಿನಿಂದ ಅದೇ ತೋಟದ ಮೇಲಿನ ಏರಿಗೆ, ಅಂದರೆ 300 ಮೀಟರ್ ಒಯ್ದಿರಿ ಎನ್ನಿ. ಮೇವಿಗೆ ಹೋದ ನೊಣ ಹಳೆಯ ಗುರುತು ಕಂಡೊಡನೆ ಹಳೆಯ ದಾರಿಯನ್ನೇ ಹಿಡಿಯುತ್ತದೆ. ಪೆಟ್ಟಿಗೆಯನ್ನು ಮೂರು ವಾರ ದೂರದಲ್ಲಿಟ್ಟು ತರುವುದೇ ಇದಕ್ಕೆ ನಂಬಬಹುದಾದ ಉಪಾಯ. ಅಷ್ಟರಲ್ಲಿ ಹಳೆಯ ಮೇವಿನ ನೊಣಗಳು ಬಹುಪಾಲು ಸತ್ತಿರುತ್ತವೆ. ಅದಕ್ಕೆ ಅನುಕೂಲವಿಲ್ಲದಿದ್ದರೆ ಜಡಿಮಳೆಗೆ ನೊಣ ಎರಡು ಮೂರು ದಿನ ಒಳಗೇ ಕೂತಾಗ ರಾತ್ರಿ ಒಯ್ದು, ಬಾಗಿಲಿಗೆ ಅಡ್ಡವಾಗಿ ಎಲೆಯಿರುವ ಕೊಂಬೆ ಇಡುತ್ತೇನೆ. ತಡೆ ಎದುರಾದಾಗ ನೊಣ ನೇರ ಹಾರಿಬಿಡದೆ ತಿರುಗಿ ನೋಡುತ್ತದೆ. ಆದರೂ ಸ್ವಲ್ಪ ನೊಣ ಕಳೆದುಕೊಳ್ಳಬೇಕಾಗುತ್ತದೆ. ಬಾಗಿಲಿಗೆ ಜಾಲರಿ ಕಟ್ಟಿ ಬಿಸಿಲಲ್ಲಿ ಮಾತ್ರ ಬಿಡಬೇಡಿ, ಎರಿ (ನೊಣ ಕಟ್ಟಿದ ಮೇಣದ ಹಲ್ಲೆ) ಮೆತ್ತಗಾಗಿ ಕಳಚುತ್ತದೆ.

ತೋಟದ ನೆರಳಿನ ಮರಗಳ ಕೊಂಬೆ ಕಡಿದರೂ (ಮರಗಸಿ) ಗುರುತು ಅಳಿಸುತ್ತದೆ. ಪೆಟ್ಟಿಗೆಯ ಹಿಂದಿನ ಹಾಲುವಾಣದ ಮರವನ್ನು ಒಂದೇ ದಿನ ಬೋಳಿಸದೆ ಅರ್ಧ ಈ ವಾರ, ಅರ್ಧ ಮುಂದಿನ ವಾರ ಕಡಿಸುತ್ತೇನೆ.

ಒಂದೇ ಬಣ್ಣದ ಪೆಟ್ಟಿಗೆಗಳನ್ನು ಸಾಲಾಗಿಟ್ಟರೆ ನೊಣ ಪಕ್ಕದ ಮನೆ ಹೊಗುತ್ತದೆ. ಬಾಗಿಲ ಮೇಲೆ ನೀಲಿ ಅಥವಾ ಹಳದಿ ಬಳಿಯಿರಿ; ಕೆಂಪು ಅದರ ಕಣ್ಣಿಗೆ ಕಪ್ಪಿನಂತೆ. ಹೊಸ ರಾಣಿಯಿರುವ ಪೆಟ್ಟಿಗೆಗೆ ಇದು ಇನ್ನೂ ಮುಖ್ಯ. ಕೂಡಲು ಹೊರಹೋದ ರಾಣಿ ದಾರಿ ತಪ್ಪಿದರೆ ಕುಟುಂಬವೇ ಹೋಯಿತು. ಹಾಗಾಗಿ ಎರಿಯಲ್ಲಿ ಮೊಟ್ಟೆ ಕಾಣುವವರೆಗೆ ಆ ಪೆಟ್ಟಿಗೆಯನ್ನು ನಾನು ಒಂದಂಗುಲವೂ ಸರಿಸುವುದಿಲ್ಲ.