ದಿನಕ್ಕೊಂದು ಮಾತ್ರೆಯ ಚಿಕಿತ್ಸೆ: ಹಾಸನದಲ್ಲಿ ನನ್ನ ಅನುಭವ

ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ನಾವು ಸಿಎಂಎಲ್ ಎನ್ನುವ ರಕ್ತದ ಕ್ಯಾನ್ಸರ್ ಇರುವವರು ಕ್ಯಾನ್ಸರ್ ಎಂದುಕೊಂಡು ನನ್ನ ಬಳಿ ಬರುವುದು ಕಡಿಮೆ. ಎಡಪಕ್ಕೆಯ ಕೆಳಗೆ ಭಾರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಸುಸ್ತು ಎಂದು ಹೇಳಿಕೊಂಡು ಬರುತ್ತಾರೆ. ಸಕಲೇಶಪುರದ ಕಡೆಯ ಕಾಫಿ ತೋಟದಲ್ಲಿ ದುಡಿಯುತ್ತಿದ್ದ, ನಲವತ್ತು ದಾಟಿದ ಒಬ್ಬರು ಬಂದದ್ದೂ ಹಾಗೆಯೇ. ಅದಕ್ಕೂ ಮೊದಲು ಅವರು ಬೇರೆಡೆ ತಿಂಗಳುಗಟ್ಟಲೆ ಟಾನಿಕ್ ಕುಡಿದಿದ್ದರು. ತಾಲ್ಲೂಕು ಆಸ್ಪತ್ರೆಯಲ್ಲೂ ಆಗುವ ರಕ್ತಕಣಗಳ ಎಣಿಕೆಯನ್ನು ಯಾರೂ ಮಾಡಿಸಿರಲಿಲ್ಲವೆಂಬುದು ನನಗೆ ಇಂದಿಗೂ ನೋವಿನ ಸಂಗತಿ. ಮಲಗಿಸಿ ಹೊಟ್ಟೆ ಮುಟ್ಟಿದಾಗ, ಎಡಪಕ್ಕೆಯ ಅಡಿಯಲ್ಲಿರುವ ಅಂಗವಾದ ಗುಲ್ಮವು (ಸ್ಪ್ಲೀನ್) ಹೊಕ್ಕುಳ ಮಟ್ಟದವರೆಗೆ ಇಳಿದು ಕೈಗೆ ಗಟ್ಟಿಯಾಗಿ ಸಿಗುತ್ತಿತ್ತು. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 4,000ದಿಂದ 11,000 ಇರಬೇಕಾದ ಬಿಳಿ ರಕ್ತಕಣಗಳು ಎರಡು ಲಕ್ಷ ದಾಟಿದ್ದವು.

ಈ ರೋಗದಲ್ಲಿ ಅಸ್ಥಿಮಜ್ಜೆಯ ಕೋಶವೊಂದರ 9 ಮತ್ತು 22ನೆಯ ವರ್ಣತಂತುಗಳು ತುಂಡಾಗಿ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ, ಅದರಿಂದ ಹುಟ್ಟುವ ಕಿಣ್ವವು ಬಿಡುವಿಲ್ಲದೆ ಬಿಳಿ ಕಣಗಳನ್ನು ಹೆಚ್ಚಿಸುತ್ತಲೇ ಇರುತ್ತದೆ. 2001ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆದ ಇಮ್ಯಾಟಿನಿಬ್ ಎಂಬ ಮಾತ್ರೆ ಈ ಕಿಣ್ವವನ್ನೇ ತಡೆಯುತ್ತದೆ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಇದರ ಪೇಟೆಂಟ್ ಕೋರಿಕೆಯನ್ನು ತಿರಸ್ಕರಿಸಿದ್ದರಿಂದ ನಮ್ಮ ದೇಶದ ಕಂಪನಿಗಳ ಅಗ್ಗದ ಮಾತ್ರೆ ಉಳಿಯಿತು. ಅದಿಲ್ಲದಿದ್ದರೆ ದಿನಗೂಲಿಯವರಿಗೆ ಈ ಚಿಕಿತ್ಸೆಯನ್ನು ಹೇಳುವುದೇ ನನಗೆ ಕಷ್ಟವಾಗುತ್ತಿತ್ತು.

ದಿನಕ್ಕೆ 400 ಮಿಲಿಗ್ರಾಂ ಆರಂಭಿಸಿದೆ. ಮೂರು ತಿಂಗಳು ತುಂಬುವಷ್ಟರಲ್ಲಿ ಕಣಗಳ ಎಣಿಕೆ ಸರಿಹೋಗಿ, ಗುಲ್ಮ ಕೈಗೆ ಸಿಗದಂತಾಗಿತ್ತು. ಸಂತೋಷದಿಂದ ನಾನು, "ರಕ್ತ ನಾರ್ಮಲ್ ಆಗಿದೆ" ಎಂದೆ. ನನ್ನ ತಪ್ಪು ಆ ಮಾತಿನಲ್ಲೇ ಇತ್ತು. ಅರೇಬಿಕಾ ಕೊಯ್ಲು ಮುಗಿದು ರೊಬಸ್ಟಾ ನಡೆಯುತ್ತಿದ್ದಾಗ ಅವರು ಮತ್ತೆ ಬಂದರು, ಎಡಪಕ್ಕೆಯ ಭಾರದೊಂದಿಗೆ. "ಮೇಡಂ, ನೀವೇ ನಾರ್ಮಲ್ ಅಂದ್ರಲ್ಲ, ಇನ್ನು ಮಾತ್ರೆ ಯಾಕೆ ಅಂದ್ಕೊಂಡೆ" ಎಂದರು. ಕುಳಿತು ವಿಚಾರಿಸಿದಾಗ ಇನ್ನೊಂದು ಕಾರಣವೂ ಹೊರಬಂತು: ಬೆಳಗ್ಗೆ ತೋಟಕ್ಕೆ ಹೊರಡುವ ಮೊದಲು ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ, ವಾಂತಿಯಾಗಿ, ಎಷ್ಟೋ ದಿನ ಕೂಲಿ ಕಳೆದುಕೊಂಡಿದ್ದರು. ಅವರು ಮಾತ್ರೆಯನ್ನು ಯಾವ ಹೊತ್ತಿಗೆ, ಹೇಗೆ ತೆಗೆದುಕೊಳ್ಳುತ್ತಾರೆಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಅಂದು ಅವರನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ, ಮೊದಲು ಆರೋಗ್ಯವಂತರೊಬ್ಬರ ರಕ್ತದ ಗಾಜನ್ನು ತೋರಿಸಿದೆ. ಕೆಂಪು ಕಣಗಳ ನಡುವೆ ಅಲ್ಲೊಂದು ಇಲ್ಲೊಂದು ನೇರಳೆ ಚುಕ್ಕೆ. ಆಮೇಲೆ ಅವರದೇ ಗಾಜನ್ನಿಟ್ಟೆ. ಅದರಲ್ಲಿ ನೇರಳೆ ಕಣಗಳೇ ಒತ್ತಾಗಿ ತುಂಬಿದ್ದವು. ಬಹಳ ಹೊತ್ತು ಕಣ್ಣು ತೆಗೆಯದೆ ನೋಡಿದರು. "ರೋಗ ಅಡಗಿತ್ತು, ಹೋಗಿರಲಿಲ್ಲ" ಎಂದು ನಾನು ಹೇಳಿದ್ದು ಆಗ ಅವರಿಗೆ ಮನದಟ್ಟಾಯಿತು. ಅದೃಷ್ಟವಶಾತ್ ಔಷಧಕ್ಕೆ ಬಗ್ಗದಂತಹ ಬದಲಾವಣೆ ಪರೀಕ್ಷೆಯಲ್ಲಿ ಕಾಣದ್ದರಿಂದ ಅದೇ ಮಾತ್ರೆಯನ್ನು ಮುಂದುವರಿಸಿದೆವು.

ಅಂದಿನಿಂದ ನಾನು "ನಾರ್ಮಲ್" ಎಂಬ ಪದವನ್ನು ಬಳಸುತ್ತಿಲ್ಲ. ರಾತ್ರಿ ಊಟದ ಜೊತೆಗೆ ದೊಡ್ಡ ಲೋಟದ ತುಂಬ ನೀರು ಕುಡಿದು ಮಾತ್ರೆ ನುಂಗಲು ಹೇಳುತ್ತೇನೆ. ಔಷಧದ ಮಟ್ಟವನ್ನು ಏರುಪೇರು ಮಾಡಬಹುದಾದ್ದರಿಂದ, ಹಿತ್ತಲಲ್ಲಿ ಮರವಿದ್ದರೂ ಚಕ್ಕೋತ ಬೇಡ ಎನ್ನುತ್ತೇನೆ. ಹೆಣ್ಣುಮಕ್ಕಳಿಗೆ ಈ ಮಾತ್ರೆ ನಡೆಯುವಾಗ ಗರ್ಭ ಧರಿಸಬಾರದೆಂದು ಮೊದಲ ದಿನವೇ ತಿಳಿಸುತ್ತೇನೆ. "ಮಾತ್ರೆ ತಗೊಂಡ್ರಾ?" ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ; "ಹೋದ ವಾರ ಎಷ್ಟು ಸಲ ತಪ್ಪಿತು?" ಎಂದರೆ ನಿಜ ಹೇಳುತ್ತಾರೆ. ಮೂರು ತಿಂಗಳಿಗೊಮ್ಮೆ, ರೋಗದ ಅಂಶ ಎಷ್ಟು ಉಳಿದಿದೆಯೆಂದು ಅಳೆಯುವ ಪಿಸಿಆರ್ ಪರೀಕ್ಷೆಗೆ ರಕ್ತವನ್ನು ಬೆಂಗಳೂರಿಗೆ ಕಳುಹಿಸುತ್ತೇನೆ. ಪರೀಕ್ಷೆಗೆ ಬೇಕಾದ ಆರ್‌ಎನ್‌ಎ ಬೇಗ ಕೆಡುವುದರಿಂದ ಶನಿವಾರ ರಕ್ತ ತೆಗೆಯುವುದಿಲ್ಲ. ರೋಗದ ಅಂಶವು ಮೊದಲ ಮೂರು ತಿಂಗಳಿಗೆ ಶೇ 10ಕ್ಕಿಂತ, ಒಂದು ವರ್ಷಕ್ಕೆ ಶೇ 0.1ಕ್ಕಿಂತ ಕೆಳಗೆ ಇಳಿಯಬೇಕೆಂಬುದು ನಮ್ಮ ಗುರಿ.

ಅವರ ಅಂಕಿ ಆ ಗುರಿಯನ್ನು ತಡವಾಗಿ ಮುಟ್ಟಿತು, ಆದರೆ ಮುಟ್ಟಿತು. ಈಗಲೂ ಬರುವಾಗ ಅವರ ಹೆಂಡತಿ ಮೂರು ತಿಂಗಳ ಖಾಲಿ ಸ್ಟ್ರಿಪ್‌ಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ತರುತ್ತಾರೆ. ಮೊದಲು ಅವುಗಳನ್ನು ಎಣಿಸಿ, ಆಮೇಲೆ ವರದಿಯನ್ನು ಬಿಚ್ಚುತ್ತೇನೆ.