ಇನ್ಹೇಲರ್ ಸರಿಯಾಗಿ ಎಳೆಯುತ್ತಿದ್ದಾರಾ? ಕನ್ನಡಿ ಹೇಳುತ್ತದೆ

ಆಸ್ತಮಾಕ್ಕೆ ಒತ್ತುವ ಪಂಪ್ ಬಳಸುವವರನ್ನು ಮುಂದಿನ ಡೋಸ್ ಹೊತ್ತಿಗೆ ಕನ್ನಡಿ ಮುಂದೆ ಕೂರಿಸಿ. ಬಾಯಿಂದಲೋ ಮೂಗಿಂದಲೋ ಬಿಳಿ ಹೊಗೆಯಂಥದ್ದು ಹೊರಗೆ ಬಂದರೆ, ಔಷಧಿ ಪೂರ್ತಿ ಎದೆಗೆ ಇಳಿದಿಲ್ಲ ಅಂತ ಅವರಿಗೇ ಕಾಣುತ್ತದೆ, ನಾವು ಬಾಯಿಮಾತಲ್ಲಿ ಹೇಳುವುದಕ್ಕಿಂತ ಇದು ಬೇಗ ತಲೆಗೆ ಹೋಗುತ್ತದೆ. ಪಂಪಿನಿಂದ ಔಷಧಿ ಜೋರಾಗಿ ಚಿಮ್ಮುತ್ತದೆ. ಉಸಿರು ಎಳೆಯಲು ಶುರು ಮಾಡದೆ ಒತ್ತಿದರೆ ನಾಲಿಗೆ, ಗಂಟಲಿಗೇ ಬಡಿದು ನಿಲ್ಲುತ್ತದೆ. ಹಾಗಾಗಿ ಪಂಪ್ ಕುಲುಕಿ, ಉಸಿರು ಪೂರ್ತಿ ಬಿಟ್ಟು, ತುಟಿ ಬಿಗಿಯಾಗಿ ಮುಚ್ಚಿ, ನಿಧಾನವಾಗಿ ಎಳೆಯಲು ಶುರು ಮಾಡುತ್ತಲೇ ಒತ್ತಬೇಕು, ಎಳೆಯುವುದನ್ನು ನಿಲ್ಲಿಸಬಾರದು, ಆಮೇಲೆ 10 ಎಣಿಸುವವರೆಗೆ ಉಸಿರು ಹಿಡಿಯಬೇಕು. ಆದರೆ ಹೊಗೆ ಕಾಣಲಿಲ್ಲ ಅಂದ ಮಾತ್ರಕ್ಕೆ ಎಲ್ಲಾ ಸರಿ ಅಂತಲ್ಲ, ಗಂಟಲಲ್ಲೇ ಅಂಟಿರಬಹುದು. ಕ್ಯಾಪ್ಸೂಲ್ ಹಾಕಿ ಎಳೆಯುವ ಪುಡಿ ಇನ್ಹೇಲರಿಗಂತೂ ಕನ್ನಡಿ ಉಪಯೋಗಕ್ಕೆ ಬರಲ್ಲ. ಅದನ್ನು ಜೋರಾಗಿ, ಆಳವಾಗಿ ಎಳೆಯಬೇಕು, ಅದರೊಳಗೆ ಉಸಿರು ಊದಬಾರದು. ಎಳೆದ ಮೇಲೆ ಕ್ಯಾಪ್ಸೂಲಿನಲ್ಲಿ ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಿರಿ. ನಮ್ಮ ರಾಯಚೂರು ಕಡೆ ರೈಸ್ ಮಿಲ್ ಧೂಳಲ್ಲಿ ದುಡಿಯುವವರಲ್ಲಿ ಎರಡೂ ಬಗೆ ಬಳಸುವವರಿದ್ದಾರೆ, ಒಬ್ಬರದ್ದು ನೋಡಿ ಇನ್ನೊಬ್ಬರು ಕಲಿತರೆ ಕೆಟ್ಟಿತು. ಚಿಕ್ಕ ಮಕ್ಕಳಿಗೆ, ಕೈ ನಡುಗುವ ಅಜ್ಜ ಅಜ್ಜಿಯರಿಗೆ ಈ ಕಸರತ್ತು ಬೇಡವೇ ಬೇಡ, ಡಾಕ್ಟರಿಗೆ ಕೇಳಿ ಪಂಪಿಗೆ ಸ್ಪೇಸರ್ (ಪಂಪಿಗೂ ಬಾಯಿಗೂ ನಡುವೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ) ತೆಗೆದುಕೊಳ್ಳಿ. ಅಂದ ಹಾಗೆ, ದಿನಾ ಬಳಸುವ ಸ್ಟೆರಾಯ್ಡ್ ಇನ್ಹೇಲರ್ ಆದರೆ ಪ್ರತಿ ಸಲ ಬಾಯಿ ಮುಕ್ಕಳಿಸಿ ನೀರು ಉಗುಳಿ, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಫಂಗಸ್ ಆಗಬಹುದು.